ಬರುವ ರೊಕ್ಕಕ್ಕೆ ಸಹಿ ಬೇಡ

(ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಹಳ್ಳಿಯಲ್ಲಿ, ಮಾರುತಿ ಗುಡಿಯ ಕಟ್ಟೆಯ ಮುಂದೆ ಕೂಡಿದ ಊರವರ ಸಭೆಯಲ್ಲಿ, ಅಲ್ಲಿಯ ಕನ್ನಡ ಶಾಲೆಯ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸಮಿತಿಯವರು ನನ್ನನ್ನು ಈ ಕಟ್ಟೆಯ ಮುಂದೆ ನಿಲ್ಲಿಸಿ ಮಾತನಾಡಿಸುತ್ತಿರುವುದು ಇದೇ ಮೊದಲಲ್ಲ. ಹಿಂದೆ ಶಾಲೆಯ ಕೊಠಡಿಗಳ ವಿಷಯವಾಗಿ, ಮಕ್ಕಳ ಕನ್ನಡ ಪುಸ್ತಕಗಳ ವಿಷಯವಾಗಿ ತಮ್ಮ ಮುಂದೆ ಮಾತನಾಡಿದ್ದೇನೆ. ಆಗೆಲ್ಲ ಬೇರೆಯವರ ತಪ್ಪನ್ನು ಹೇಳುತ್ತಿದ್ದೆನಾದುದರಿಂದ ನನ್ನ ಧ್ವನಿ ದೊಡ್ಡದಾಗಿತ್ತು. ಇಂದು ನನ್ನ ತಪ್ಪನ್ನು ಹೇಳಲು ನಿಂತಿದ್ದೇನೆ. ಧ್ವನಿ ಸ್ವಲ್ಪ ಸಣ್ಣದಾದರೆ ತಾವು ಕ್ಷಮಿಸಬೇಕು.

ಕಳೆದ ಕೆಲವು ತಿಂಗಳುಗಳಿಂದ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಫೋನಿನ ಮೂಲಕ ರೊಕ್ಕ ಕಳೆದುಕೊಂಡವರ ಮಾತು ಕಿವಿಗೆ ಬೀಳುತ್ತಿದೆ. ಆದರೆ ‘ಹೌದು, ನಾನು ಕಳೆದುಕೊಂಡೆ’ ಎಂದು ಯಾರೂ ಎದುರಿಗೆ ನಿಂತು ಹೇಳುತ್ತಿಲ್ಲ. ಹೇಳದಿರಲು ಕಾರಣವೇನೆಂಬುದನ್ನು ನಾನು ಬಲ್ಲೆ. ಏಕೆಂದರೆ ನಾನೂ ಕಳೆದುಕೊಂಡವನು. ನಾನೂ ಹೇಳದೆ ಬಚ್ಚಿಟ್ಟವನು. ಶಿಕ್ಷಕ ತರಬೇತಿಯ ಪ್ರಮಾಣಪತ್ರ ಪಡೆದು, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಕೂಡಿಸುವುದನ್ನೂ ಕಳೆಯುವುದನ್ನೂ ಕಲಿಸಿದ ಈ ಮಾಸ್ತರನು ಕಾಲು ಗಂಟೆಯೊಳಗೆ 18 ಸಾವಿರ ರೂಪಾಯಿ ಕಳೆದನು. ಆ ಕತೆಯನ್ನು ಮೊದಲು ಹೇಳಿ ಆಮೇಲೆ ಬುದ್ಧಿಯ ಮಾತಿಗೆ ಬರುತ್ತೇನೆ.

2023ರ ಮಳೆಗಾಲದಲ್ಲಿ ನನ್ನ ಹಳೆಯ ಮೋಟಾರ್ ಸೈಕಲ್ಲನ್ನು ಮಾರಬೇಕೆಂದು ನಿಶ್ಚಯಿಸಿದೆ. ಮಗನು ಅದರ ಫೋಟೋ ತೆಗೆದು, ಬೆಲೆ 18 ಸಾವಿರವೆಂದು ಬರೆದು, ಹಳೆಯ ಸಾಮಾನು ಮಾರುವ ಒಂದು ಜಾಲತಾಣದಲ್ಲಿ ಹಾಕಿದನು. ಮರುದಿನವೇ ಒಂದು ಕರೆ ಬಂದಿತು. “ನಮಸ್ಕಾರ್ರೀ ಗುರುಗಳ, ನಾನೂ ಕನ್ನಡದಾವನ ಅದೀನ್ರೀ, ಬಿಜಾಪುರ ಕಡಿಯಾಂವ. ಈಗ ದಂಡಿನ್ಯಾಗ ನೌಕರಿ” ಎಂದು ಆ ಮನುಷ್ಯನು ಮಾತು ತೆಗೆದನು. ಬಂಧುಗಳೆ, ಕಚೇರಿಗೆ ಹೋದರೆ ಒಂದು ಭಾಷೆ, ಬ್ಯಾಂಕಿಗೆ ಹೋದರೆ ಇನ್ನೊಂದು ಭಾಷೆ ಎಂದು ದಿನವೂ ತಡವರಿಸುವ ನಮ್ಮಂಥವರಿಗೆ, ಅಪರಿಚಿತನೊಬ್ಬನು ಫೋನಿನಲ್ಲಿ ನಮ್ಮ ಮಾತನ್ನಾಡಿದರೆ ಎಷ್ಟು ಸಂತೋಷವಾಗುವುದೆಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಮೇಲಾಗಿ ಅವನು ಸೈನಿಕನೆಂದು ಹೇಳಿದನು. ನಾನು ಬೆಲೆಯಲ್ಲಿ ಐನೂರು ರೂಪಾಯಿ ಬಿಡುತ್ತೇನೆಂದೆ. ಅವನು, “ಬ್ಯಾಡ್ರೀ, ಮಾಸ್ತರರ ರೊಕ್ಕ ನಾ ಹೆಂಗ ಇಟ್ಕೊಳ್ಲಿ” ಎಂದನು. ನೋಡಿರಿ, ಕಳ್ಳನ ಸೌಜನ್ಯ!

ಬಳಿಕ ಅವನು, “ನಮ್ಮ ರೊಕ್ಕ ದಂಡಿನ ಲೆಕ್ಕದಿಂದ ಬರುತ್ತದೆ. ಅದನ್ನು ಪಡೆಯಲು ನೀವು ಒಂದು ಸ್ಕ್ಯಾನರ್ ತೆಗೆದುಕೊಳ್ಳಬೇಕು. ಮನೆಯಲ್ಲಿ ಇನ್ನೊಂದು ಫೋನ್ ಇದೆಯೇ?” ಎಂದು ಕೇಳಿದನು. ನಮ್ಮ ಮನೆಯವರ ಫೋನಿಗೆ ಕರಿಬಿಳಿ ಚೌಕದ ಒಂದು ಚಿತ್ರ ಬಂದಿತು. ಮೊದಲು ಪರೀಕ್ಷೆಗೆಂದು ಐದು ರೂಪಾಯಿಯ ಚೌಕ. ಅದನ್ನು ನನ್ನ ಫೋನಿನಿಂದ ನೋಡಿ ಪಿನ್ ಒತ್ತಿದೆ. ನನ್ನ ಐದು ರೂಪಾಯಿ ಹೋಯಿತು. ಆದರೆ ಆ ಕ್ಷಣವೇ ಅವನು ಹತ್ತು ರೂಪಾಯಿ ಕಳಿಸಿದನು. ‘ನೋಡಿದಿರಾ, ಬಂತು’ ಎಂದನು. ನನಗೆ ನಂಬಿಕೆ ಬಂದಿತು. ಮುಂದೆ ಒಂಬತ್ತು ಸಾವಿರದ ಚೌಕ. ಪಿನ್ ಒತ್ತಿದೆ, ರೊಕ್ಕ ಹೋಯಿತು. “ಅಯ್ಯೋ, ಯಂತ್ರದ ತಪ್ಪು. ಇನ್ನೊಮ್ಮೆ ಮಾಡಿದರೆ ಎರಡೂ ಕೂಡಿ ತಿರುಗಿ ಬರುತ್ತವೆ” ಎಂದನು. ಇನ್ನೊಮ್ಮೆ ಒತ್ತಿದೆ. ಇನ್ನೂ ಒಂಬತ್ತು ಸಾವಿರ ಹೋಯಿತು. ಮೂರನೆಯ ಸಲಕ್ಕೆ ನಮ್ಮ ಮನೆಯವರು ಫೋನನ್ನು ನನ್ನ ಕೈಯಿಂದ ಕಸಿದುಕೊಂಡರು. ಅವರು ಓದಿದುದು ನಾಲ್ಕನೆಯ ಇಯತ್ತೆ. ಅಂದು ಮನೆಯಲ್ಲಿ ಬುದ್ಧಿವಂತರು ಅವರೇ.

ನಾನೇಕೆ ಮೋಸಹೋದೆ? ಇದನ್ನು ನಾನು ಬಹಳ ದಿವಸ ವಿಚಾರಮಾಡಿದ್ದೇನೆ. ದುರಾಸೆಯಿಂದ ಮೋಸಹೋದೆನೆಂದು ಕೆಲವರು ಹೇಳಬಹುದು. ಆದರೆ ನಾನು ನನ್ನ ಗಾಡಿಗೆ ನ್ಯಾಯವಾದ ಬೆಲೆಯನ್ನೇ ಕೇಳಿದ್ದೆ. ಓದುಬರಹ ಬಾರದೆ ಮೋಸಹೋದೆನೇ? ಅದೂ ಅಲ್ಲ. 2021ರ ಫೆಬ್ರುವರಿಯಲ್ಲಿ ದೆಹಲಿಯ ದೊಡ್ಡ ರಾಜಕಾರಣಿಯೊಬ್ಬರ ಸುಶಿಕ್ಷಿತ ಮಗಳು ಹಳೆಯ ಸೋಫಾ ಮಾರಲು ಹೋಗಿ, ಇದೇ ಬಗೆಯ ಚೌಕಕ್ಕೆ 34 ಸಾವಿರ ರೂಪಾಯಿ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿಯೂ ಮೊದಲು ಚಿಕ್ಕ ಮೊತ್ತ ಕಳಿಸಿ ನಂಬಿಸಿದರು. ಆಮೇಲೆ ದೊಡ್ಡ ಮೊತ್ತ ಸೆಳೆದರು.

ನನಗೆ ಹೊಳೆದ ಕಾರಣ ಬೇರೆ. ನಾವು ಹುಟ್ಟಿದಂದಿನಿಂದ ಕಂಡ ಪದ್ಧತಿ ಯಾವುದು? ರೊಕ್ಕ ಬರಬೇಕಾದರೆ ಸಹಿ ಮಾಡಬೇಕು. ಮುಂಬಯಿ, ಪುಣೆಗಳಲ್ಲಿ ದುಡಿಯುವ ಮಗನಿಂದ ಮನಿಆರ್ಡರ್ ಬಂದಾಗ ನಮ್ಮ ತಾಯಂದಿರು ಅಂಚೆಯವನ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಯೇ ನೋಟುಗಳನ್ನು ಎಣಿಸಿಕೊಂಡರು. ಕೂಲಿಯ ಪಟ್ಟಿಗೆ ಹೆಬ್ಬೆಟ್ಟು, ಪಿಂಚಣಿಗೆ ಹೆಬ್ಬೆಟ್ಟು, ನನ್ನ ಸಂಬಳದ ಪುಸ್ತಕಕ್ಕೆ ನನ್ನ ಸಹಿ. ಕೊಡುವವನು ಕೊಡುತ್ತಿದ್ದನು, ತೆಗೆದುಕೊಳ್ಳುವವನು ಸಹಿಮಾಡುತ್ತಿದ್ದನು. ಆದುದರಿಂದ ಫೋನಿನಲ್ಲಿ ಯಾರಾದರೂ ‘ರೊಕ್ಕ ಬರಬೇಕಾದರೆ ಪಿನ್ ಒತ್ತಿರಿ’ ಎಂದಾಗ ನಮ್ಮ ಮನಸ್ಸು ಅದನ್ನು ಸಹಜವೆಂದು ಒಪ್ಪುತ್ತದೆ. ಕಳ್ಳನು ನಮ್ಮ ಈ ಹಳೆಯ, ಪ್ರಾಮಾಣಿಕವಾದ ಅಭ್ಯಾಸವನ್ನೇ ಹಿಡಿದು ನಮ್ಮನ್ನು ಕೆಡವುತ್ತಾನೆ.

ಫೋನಿನ ವ್ಯವಹಾರದಲ್ಲಿ ಈ ಪದ್ಧತಿ ಸಂಪೂರ್ಣ ತಿರುವುಮುರುವು. ಅಲ್ಲಿ ಕೊಡುವವನೇ ಸಹಿಮಾಡುವವನು. ತೆಗೆದುಕೊಳ್ಳುವವನು ಸುಮ್ಮನೆ ಕುಳಿತಿದ್ದರೆ ಸಾಕು. ಫೋನು ಮನೆಯ ಗೂಡಿನಲ್ಲಿದ್ದು ತಾವು ಹೊಲದಲ್ಲಿದ್ದರೂ ಬರುವ ರೊಕ್ಕ ಬಂದು ಖಾತೆಗೆ ಜಮಾ ಆಗುವುದು. ಬರುವ ರೊಕ್ಕಕ್ಕೆ ಚೌಕ ನೋಡುವುದು ಬೇಡ, ಪಿನ್ ಒತ್ತುವುದು ಬೇಡ. ಈ ಒಂದು ಮಾತನ್ನು ತಾವು ಮನೆಗೆ ಒಯ್ದರೆ ನನ್ನ ಇಂದಿನ ಭಾಷಣ ಸಾರ್ಥಕ.

ಇನ್ನು ಈ ಚೌಕವೆಂದರೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ಅಂಗಡಿಕಾರರು ಇದನ್ನು ‘ಸ್ಕ್ಯಾನರ್’ ಎಂದು ಕರೆಯುವರು. ಇದರ ನಿಜವಾದ ಹೆಸರು ಕ್ಯೂಆರ್ ಕೋಡ್. 1994ರಲ್ಲಿ ಜಪಾನ ದೇಶದ ಡೆನ್ಸೊ ವೇವ್ ಎಂಬ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಎಂಬ ತಂತ್ರಜ್ಞರು ಇದನ್ನು ರೂಪಿಸಿದರು. ಮೋಟಾರು ಕಾರಖಾನೆಯಲ್ಲಿ ಯಾವ ಬಿಡಿಭಾಗ ಎಲ್ಲಿದೆಯೆಂದು ಬೇಗನೆ ಗುರುತಿಸುವುದು ಅವರ ಉದ್ದೇಶವಾಗಿತ್ತು. ಕರಿಬಿಳಿ ಕಾಯಿಗಳನ್ನಿಟ್ಟು ಆಡುವ ‘ಗೋ’ ಎಂಬ ಆಟದ ಮಣೆಯನ್ನು ನೋಡುತ್ತ ಅವರಿಗೆ ಈ ಕಲ್ಪನೆ ಹೊಳೆಯಿತಂತೆ. ಮೂರು ಮೂಲೆಗಳಲ್ಲಿ ಕಾಣುವ ದೊಡ್ಡ ಚೌಕಗಳು, ಯಾವ ದಿಕ್ಕಿನಿಂದ ಓದಬೇಕೆಂಬುದನ್ನು ಯಂತ್ರಕ್ಕೆ ತೋರಿಸುತ್ತವೆ. ನಡುವಿನ ಚುಕ್ಕೆಗಳಲ್ಲಿ ಬರಹ ಅಡಗಿರುತ್ತದೆ. ಸ್ವಲ್ಪ ಭಾಗ ಹರಿದರೂ ಹೊಲಸಾದರೂ ಯಂತ್ರವು ಅದನ್ನು ಓದಬಲ್ಲದು.

ಇದು ಉಪಯುಕ್ತವಾದ ವಸ್ತು, ಇದರಲ್ಲಿ ಸಂಶಯವಿಲ್ಲ. ಆದರೆ ಒಂದು ಕೊರತೆಯಿದೆ. ಇದು ಯಂತ್ರ ಓದುವ ಬರಹ, ಮನುಷ್ಯ ಓದುವ ಬರಹವಲ್ಲ. ಪಂಡಿತನ ಕಣ್ಣಿಗೂ ಪಾಮರನ ಕಣ್ಣಿಗೂ ಇದು ಕರಿ ಚುಕ್ಕೆಯೇ. ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ಏನು ಭೇದವೆಂದು ನೋಡಿ ಹೇಳುವುದು ಯಾರಿಂದಲೂ ಆಗದು. ಈ ವಿಷಯದಲ್ಲಿ ಶಾಲೆ ಕಲಿತವರೂ ಕಲಿಯದವರೂ ಸಮಾನರು.

ನಮ್ಮ ದೇಶದಲ್ಲಿ 2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಭೀಮ್, ಫೋನ್‌ಪೇ, ಗೂಗಲ್ ಪೇ ಎಲ್ಲವೂ ಅದರ ಮೇಲೆಯೇ ನಡೆಯುವವು. ಅಂಗಡಿಯ ಮುಂದಿನ ಚೌಕದಲ್ಲಿ ಇರುವುದಿಷ್ಟೆ: ರೊಕ್ಕ ಯಾರಿಗೆ ಹೋಗಬೇಕೆಂಬ ವಿಳಾಸ, ಅವರ ಹೆಸರು, ಕೆಲವೊಮ್ಮೆ ಮೊತ್ತ. ಅದು ವಿಳಾಸ ಬರೆದ ಲಕೋಟೆಯಿದ್ದಂತೆ. ಲಕೋಟೆಯಲ್ಲಿ ರೊಕ್ಕ ಇಡುವವರು ನಾವು. ಚೌಕದಿಂದ ರೊಕ್ಕ ಹೊರಟು ನಮ್ಮ ಕಡೆಗೆ ಬರುವುದೆಂಬುದು ಎಂದೂ ಇಲ್ಲ.

ನಾಲ್ಕು ಅಥವಾ ಆರು ಅಂಕಿಗಳ ಆ ಪಿನ್ ಎಂಬುದು ನಮ್ಮ ಸಹಿ. ರೊಕ್ಕ ಕೊಡಲು ಅದು ಬೇಕು. ಖಾತೆಯಲ್ಲಿ ಎಷ್ಟಿದೆಯೆಂದು ನೋಡಲು ಬೇಕು. ತೆಗೆದುಕೊಳ್ಳಲು ಮಾತ್ರ ಎಂದಿಗೂ ಬೇಡ. 2025ರ ಅಕ್ಟೋಬರದಲ್ಲಿ ಪಿನ್‌ಗೆ ಬದಲಾಗಿ ಬೆರಳಚ್ಚು ಅಥವಾ ಮುಖದ ಗುರುತಿನಿಂದ ಕೊಡುವ ಏರ್ಪಾಡೂ ಆರಂಭವಾಯಿತು. ಹೆಬ್ಬೆಟ್ಟು ಒತ್ತಿ ರೊಕ್ಕ ಪಡೆದು ರೂಢಿಯಾದ ನಮ್ಮ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಯಾರಾದರೂ ರೊಕ್ಕ ಬರುತ್ತದೆಂದು ಹೇಳಿ ಫೋನಿನ ಮೇಲೆ ಬೆರಳಿಡಿಸಿದರೆ, ಅದು ಕೊಟ್ಟ ಗುರುತೇ ಹೊರತು ಪಡೆದ ಗುರುತಲ್ಲ. ಯುಪಿಐ ಲೈಟ್ ಎಂಬುದನ್ನು ಇಟ್ಟುಕೊಂಡವರು ಚಿಕ್ಕ ಮೊತ್ತಗಳು ಪಿನ್ ಇಲ್ಲದೆಯೇ ಹೋಗುತ್ತವೆಂಬುದನ್ನು ನೆನಪಿಡಬೇಕು. ಅದರಲ್ಲಿ ಚಹಾ, ಕಾಯಿಪಲ್ಯೆಗೆ ಸಾಕಾಗುವಷ್ಟೇ ರೊಕ್ಕವಿರಲಿ.

ಹಿಂದೆ ಇನ್ನೊಂದು ಮೋಸವಿತ್ತು. ಕಳ್ಳನು ತಾನೇ ‘ನನಗೆ ಇಷ್ಟು ಕೊಡಿರಿ’ ಎಂಬ ಬೇಡಿಕೆಯನ್ನು ನಮ್ಮ ಫೋನಿಗೆ ಕಳಿಸಿ, ಅದನ್ನು ‘ನಿಮಗೆ ಬರುವ ರೊಕ್ಕ’ ಎಂದು ನಂಬಿಸಿ ಒಪ್ಪಿಗೆ ಪಡೆಯುತ್ತಿದ್ದನು. ಈ ಹಾವಳಿ ಹೆಚ್ಚಾದುದರಿಂದ, ಜನ ಜನಕ್ಕೆ ಕಳಿಸುವ ಇಂಥ ಬೇಡಿಕೆಯನ್ನು ಪಾವತಿ ನಿಗಮವು 2025ರ ಅಕ್ಟೋಬರದಲ್ಲಿ ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು. ಆದರೆ ಕಳ್ಳನಿಗೆ ಚೌಕದ ಬಾಗಿಲು ತೆರೆದೇ ಇದೆ. ಅದನ್ನು ಮುಚ್ಚುವವರು ನಾವೇ ಆಗಬೇಕು.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊ ಊರಿನಲ್ಲಿ ನಡೆದ ಸಂಗತಿ ಇದು. ರಾತ್ರಿ ಕಳ್ಳರು ಬಂದರು. ಅವರು ಬೀಗ ಮುರಿಯಲಿಲ್ಲ, ಗೋಡೆ ಕೊರೆಯಲಿಲ್ಲ. ಒಂದು ಪೆಟ್ರೋಲ್ ಪಂಪು ಸೇರಿ ಐದಾರು ಕಡೆ ಅಂಗಡಿಗಳ ಹೊರಗಿದ್ದ ಚೌಕಗಳ ಮೇಲೆ ತಮ್ಮ ಚೌಕವನ್ನು ಅಂಟಿಸಿ ಹೋದರು. ಬೆಳಗಾಯಿತು, ಗಿರಾಕಿಗಳು ಬಂದರು, ಸಾಮಾನು ಅಂಗಡಿಕಾರನದು ಹೋಯಿತು, ರೊಕ್ಕ ಕಳ್ಳನಿಗೆ ಹೋಯಿತು. ಔಷಧದ ಅಂಗಡಿಗೆ ಬಂದ ಗಿರಾಕಿಯೊಬ್ಬರು, ‘ಇಲ್ಲಿ ನಿಮ್ಮ ಹೆಸರು ಬರುತ್ತಿಲ್ಲ, ಬೇರೆಯವರ ಹೆಸರು ಬರುತ್ತಿದೆ’ ಎಂದಾಗ ಕಪಟ ಬಯಲಾಯಿತು. ಅಮೇರಿಕೆಯ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿಯೂ 2022ರ ಜನವರಿಯಲ್ಲಿ ವಾಹನ ನಿಲುಗಡೆಯ ಶುಲ್ಕ ಪಡೆಯುವ 29 ಯಂತ್ರಗಳ ಮೇಲೆ ಇಂಥ ಕಳ್ಳ ಚೌಕಗಳು ಸಿಕ್ಕವು. ಆದುದರಿಂದ ಇದು ಹಳ್ಳಿಯವರು ಮಾತ್ರ ಮೋಸಹೋಗುವ ವಿಷಯವಲ್ಲ.

ಖಜುರಾಹೊದಲ್ಲಿ ಮೋಸವನ್ನು ಹಿಡಿದುದು ಯಾವ ಯಂತ್ರವೂ ಅಲ್ಲ. ಹೆಸರನ್ನು ಓದಿದ ಒಬ್ಬ ಮನುಷ್ಯ. ಚೌಕವನ್ನು ನಾವು ಓದಲಾರೆವು, ನಿಜ. ಆದರೆ ಚೌಕ ನೋಡಿದ ಮೇಲೆ ಫೋನಿನಲ್ಲಿ ಮೂಡುವ ಹೆಸರನ್ನು ಓದಬಲ್ಲೆವು. ಬ್ಯಾಂಕಿನ ದಾಖಲೆಯಲ್ಲಿರುವ ನಿಜವಾದ ಹೆಸರನ್ನೇ ಅಲ್ಲಿ ತೋರಿಸಬೇಕೆಂದು ಪಾವತಿ ನಿಗಮವು 2025ರಲ್ಲಿ ನಿಯಮ ಮಾಡಿದೆ. ಆದುದರಿಂದ ಇಂದಿನಿಂದ ಒಂದು ರೂಢಿ ಹಾಕೋಣ. ಪಿನ್ ಒತ್ತುವ ಮೊದಲು ಆ ಹೆಸರನ್ನು ಗಟ್ಟಿಯಾಗಿ ಓದಿರಿ. “ಇಂಥವರ ಹೆಸರು ಬಂದಿದೆ, ಸರಿಯೇನ್ರೀ?” ಎಂದು ಕೇಳಿರಿ. ಅಂಗಡಿಕಾರನು ‘ಹೌದು, ನಮ್ಮ ತಮ್ಮನ ಹೆಸರು’ ಎಂದರೆ ಮುಂದುವರಿಯಿರಿ. ಹೀಗೆ ಕೇಳುವುದರಿಂದ ನಿಮ್ಮ ರೊಕ್ಕವೂ ಉಳಿಯುವುದು, ಅವನ ರೊಕ್ಕವೂ ಉಳಿಯುವುದು.

ಅಂಗಡಿಯ ಅಣ್ಣಗಳಿಗೆ ನನ್ನ ವಿನಂತಿ. ಚೌಕದ ಹಲಗೆಯನ್ನು ರಾತ್ರಿ ಹೊರಗೆ ಬಿಡಬೇಡಿರಿ. ಬೆಳಗ್ಗೆ ಕಸ ಹೊಡೆಯುವಾಗ ಅದರ ಅಂಚನ್ನು ಉಗುರಿನಿಂದ ಕೆರೆದು, ಮೇಲೆ ಇನ್ನೊಂದು ಕಾಗದವಿದೆಯೋ ನೋಡಿರಿ. ಮನೆಯವರ ಫೋನಿನಿಂದ ಒಂದು ರೂಪಾಯಿ ಕಳಿಸಿ, ಅದು ನಿಮ್ಮ ಖಾತೆಗೇ ಬಂದಿತೋ ಪರೀಕ್ಷಿಸಿರಿ. ಜಾತ್ರೆಯಲ್ಲಿ ದೇಣಿಗೆಯ ಚೌಕ ಹಚ್ಚುವ ದೇವಸ್ಥಾನದ ಪಂಚರೂ ಹೀಗೆಯೇ ಮಾಡಬೇಕು. ಹುಂಡಿಗೆ ಬೀಗ ಹಾಕುವ ನಾವು ಹುಂಡಿಯ ಮೇಲಿನ ಚೌಕವನ್ನು ಕಾಯದಿದ್ದರೆ ಆ ಬೀಗದಿಂದ ಏನು ಫಲ?

ಸಂತೆಯಲ್ಲಿ ಕಾಯಿಪಲ್ಯೆ ಮಾರುವ, ಮನೆಮನೆಗೆ ಹಾಲು ಹಾಕುವ ತಾಯಂದಿರು ಇನ್ನೊಂದು ಮಾತನ್ನು ಕೇಳಬೇಕು. ‘ಅಕ್ಕಾ, ರೊಕ್ಕ ಹಾಕೀನಿ ನೋಡು’ ಎಂದು ಹುಡುಗನು ತನ್ನ ಫೋನನ್ನು ತೋರಿಸಿ ಹೋಗುತ್ತಾನೆ. ಅಲ್ಲಿ ಹಸುರು ಗುರುತು ಇರುತ್ತದೆ. ಅದು ನಿನ್ನೆಯ ಚಿತ್ರವಾಗಿರಬಹುದು. ಸುಳ್ಳು ಪಾವತಿಯನ್ನು ತೋರಿಸಲೆಂದೇ ಮಾಡಿದ ನಕಲಿ ಆ್ಯಪು ಆಗಿರಬಹುದು. ಗಿರಾಕಿಯ ಫೋನು ಗಿರಾಕಿಯ ಸಾಕ್ಷಿ. ನಿಮ್ಮ ಸಾಕ್ಷಿ ಯಾವುದೆಂದರೆ ನಿಮ್ಮ ಫೋನಿನಲ್ಲಿ ಕಾಣುವ ಖಾತೆ, ಅಥವಾ ನಿಮ್ಮ ಪಕ್ಕದಲ್ಲಿಟ್ಟ ಮಾತಾಡುವ ಡಬ್ಬಿ. ಅದು ಕೂಗುವವರೆಗೆ ಚೀಲ ಕೈಬಿಡಬೇಡಿರಿ. ಇದರಲ್ಲಿ ಗಿರಾಕಿಗೆ ಅವಮಾನವೇನೂ ಇಲ್ಲ. ನೋಟು ಕೊಟ್ಟಾಗಲೂ ನಾವು ಬೆಳಕಿಗೆ ಹಿಡಿದು ನೋಡುತ್ತೇವಲ್ಲವೆ?

ಎಲ್ಲ ಚೌಕಗಳೂ ರೊಕ್ಕದವಲ್ಲ ಎಂಬುದನ್ನೂ ತಿಳಿದಿರಬೇಕು. ಕೆಲವು ಚೌಕಗಳು ಯಾವುದೋ ಜಾಲತಾಣಕ್ಕೆ ಒಯ್ಯುತ್ತವೆ. ‘ಇಂದು ರಾತ್ರಿ ನಿಮ್ಮ ವಿದ್ಯುತ್ತು ಕಡಿಯಲಾಗುವುದು’, ‘ರೈತರ ಸಹಾಯಧನದ ಕಂತು ಬರಬೇಕಾದರೆ ಇದನ್ನು ಸ್ಕ್ಯಾನ್ ಮಾಡಿರಿ’, ‘ನಿಮ್ಮ ಬ್ಯಾಂಕ್ ಖಾತೆಯ ಕೆವೈಸಿ ಮುಗಿದಿದೆ’ ಎಂದು ಹೆದರಿಸಿಯೋ ಆಸೆ ತೋರಿಸಿಯೋ ಬರುವ ಸಂದೇಶಗಳು ಇವೇ. ಅಲ್ಲಿ ಆಧಾರ್, ಕಾರ್ಡು, ಒಟಿಪಿಗಳನ್ನು ಕೇಳುವರು. ಇಲ್ಲವೆ ಒಂದು ಆ್ಯಪನ್ನು ಫೋನಿನೊಳಗೆ ಇಳಿಸಿಕೊಳ್ಳಲು ಹೇಳುವರು. ಅದು ಒಳಗೆ ಬಂದರೆ ನಮ್ಮ ಫೋನು ಕಳ್ಳನ ಕೈಯಲ್ಲಿದ್ದಂತೆಯೇ. ನಮಗೆ ಬರುವ ಸಂದೇಶಗಳನ್ನು ಅವನು ಅಲ್ಲಿ ಕುಳಿತು ಓದಬಲ್ಲನು. ಬ್ಯಾಂಕಿನ ಕೆಲಸವಿದ್ದರೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿರಿ. ವಿದ್ಯುತ್ತಿನ ಕೆಲಸವಿದ್ದರೆ ಬಿಲ್ಲು ಹಿಡಿದು ಆ ಕಚೇರಿಗೆ ಹೋಗಿರಿ. ಒಂದು ದಿನದ ಕೂಲಿ ಕೆಟ್ಟೀತು. ಒಂದು ವರ್ಷದ ದುಡಿಮೆ ಉಳಿದೀತು.

ಇನ್ನು ಭಾಷೆಯ ವಿಷಯ. ನನ್ನ ಫೋನು ಇಂಗ್ಲಿಷಿನಲ್ಲಿತ್ತು. ನಾನು ಒತ್ತಿದ ಗುಂಡಿಯ ಮೇಲೆ ‘ಪೇ’ ಎಂದಿತ್ತು. ಪೇ ಎಂದರೆ ‘ಕೊಡು’. ಈ ಮೂರಕ್ಷರದ ಶಬ್ದವನ್ನು ನಾನೇ ಮಕ್ಕಳಿಗೆ ಕಲಿಸಿದ್ದೇನೆ. ಆದರೂ ಅಂದು ಅದು ನನ್ನ ಕಣ್ಣಿಗೆ ಬಿದ್ದಿತೇ ಹೊರತು ಮನಸ್ಸಿಗೆ ತಾಗಲಿಲ್ಲ. ಅದೇ ಜಾಗದಲ್ಲಿ ‘ಪಾವತಿಸಿ’ ಎಂದು ಕನ್ನಡದಲ್ಲಿ ಬರೆದಿದ್ದರೆ, ‘ನಾನೇಕೆ ಪಾವತಿಸಬೇಕು? ಪಾವತಿಸಬೇಕಾದವನು ಅವನಲ್ಲವೆ?’ ಎಂದು ನನ್ನ ಕೈ ಖಂಡಿತವಾಗಿ ನಿಲ್ಲುತ್ತಿತ್ತು. ತಾಯಿಮಾತಿನ ಶಬ್ದವು ಕಣ್ಣಿನಿಂದ ನೇರವಾಗಿ ಬುದ್ಧಿಗೆ ಮುಟ್ಟುವುದು. ಕಲಿತ ಮಾತಿನ ಶಬ್ದ ದಾರಿಯಲ್ಲಿ ತಡಮಾಡುವುದು. ಕಳ್ಳನಿಗೆ ಬೇಕಾದುದು ಆ ತಡವೇ.

ಈ ಆ್ಯಪುಗಳನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳುವ ಸೌಲಭ್ಯವಿದೆ. ಗಡಿಯ ಆಚೆಗಿದ್ದೇವೆಂದು ಅದು ನಮಗೆ ಇಲ್ಲವಾಗಿಲ್ಲ. ನಾವು ಇಷ್ಟು ದಿನ ಬಳಸಿಕೊಳ್ಳಲಿಲ್ಲ, ಅಷ್ಟೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ತಮ್ಮ ತಮ್ಮ ಫೋನುಗಳನ್ನು ತನ್ನಿರಿ. ಏಳನೆಯ ಇಯತ್ತೆಯ ಹುಡುಗ ಹುಡುಗಿಯರು ಅವನ್ನು ಕನ್ನಡಕ್ಕೆ ಮಾಡಿಕೊಡುವರು. ಪಿನ್ ಮಾತ್ರ ಅವರಿಗೂ ಹೇಳಬೇಡಿರಿ, ನನಗೂ ಹೇಳಬೇಡಿರಿ. ಬ್ಯಾಂಕಿನ ಸಂದೇಶಗಳು ಇಂಗ್ಲಿಷಿನಲ್ಲಿ ಬಂದರೆ ಎರಡು ಶಬ್ದ ಕಲಿತಿರಿ: ‘ಕ್ರೆಡಿಟ್’ ಎಂದರೆ ಜಮಾ, ‘ಡೆಬಿಟ್’ ಎಂದರೆ ಖರ್ಚು.

ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತು ಹೇಳಬೇಕಾಗಿದೆ. ನನ್ನನ್ನು ಮೋಸಮಾಡಿದವನು ಕನ್ನಡದಲ್ಲಿಯೇ ಮಾತನಾಡಿದನು. ನಮ್ಮ ಭಾಷೆಯ ಮೇಲಿನ ನಮ್ಮ ಪ್ರೀತಿಯೇ ಅವನಿಗೆ ಮೆಟ್ಟಿಲಾಯಿತು. ಮಾತು ನಮ್ಮದಾದ ಮಾತ್ರಕ್ಕೆ ಮನುಷ್ಯನು ನಮ್ಮವನೆಂದು ತಿಳಿಯಲಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕನ್ನಡಿಗನೆಂದು ಹೇಳಿಕೊಂಡು ಬಂದವನಿಗೆ ಮನೆಯಲ್ಲಿ ಕರೆದು ಚಹಾ ಕೊಡಿರಿ, ರೊಟ್ಟಿ ಕೊಡಿರಿ. ಪಿನ್ ಮಾತ್ರ ಒತ್ತಬೇಡಿರಿ.

ಕೊನೆಯದಾಗಿ, ಮೋಸ ನಡೆದೇ ಹೋದರೆ ಏನು ಮಾಡಬೇಕು? ಇಲ್ಲಿಯೇ ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ರೊಕ್ಕ ಹೋದ ದಿವಸ ನಾನು ಯಾರಿಗೂ ಹೇಳಲಿಲ್ಲ. ‘ಮಾಸ್ತರರೇ ಮೋಸಹೋದರಂತೆ’ ಎಂದು ಊರು ನಕ್ಕೀತೆಂದು ಹೆದರಿ, ಮನೆಯವರಿಗೂ ಬಾಯಿ ಮುಚ್ಚಿಸಿದೆ. ಐದನೆಯ ದಿವಸ ಬ್ಯಾಂಕಿಗೆ ಹೋದೆ. ಅಲ್ಲಿಯವರು ಲೆಕ್ಕ ನೋಡಿ, “ಗುರುಗಳೆ, ಅಂದೇ ಬರಬೇಕಾಗಿತ್ತು. ಈ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿಬಿಟ್ಟಿರುತ್ತದೆ” ಎಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು ನನ್ನ ಕೆಲಸ. ಕಳ್ಳನು ತೆಗೆದುಕೊಂಡುದು ಕಾಲು ಗಂಟೆ. ಅವನಿಗೆ ಓಡಿಹೋಗಲು ಐದು ದಿವಸ ಕೊಟ್ಟವನು ನಾನು. ನನ್ನ ನಾಚಿಕೆಯೇ ಅವನ ಜೊತೆಗಾರನಾಯಿತು.

ಆದುದರಿಂದ ರೊಕ್ಕ ಹೋದುದು ತಿಳಿದ ಕೂಡಲೆ, ಕುಳಿತ ಜಾಗದಿಂದ ಏಳುವ ಮೊದಲೇ, 1930 ಎಂಬ ಸಂಖ್ಯೆಗೆ ಕರೆ ಮಾಡಿರಿ. ಇದು ಇಂಥ ಮೋಸಗಳಿಗಾಗಿಯೇ ದೇಶಕ್ಕೆಲ್ಲ ಇರುವ ಸಹಾಯವಾಣಿ. ರೊಕ್ಕ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅಲ್ಲಿಯೇ ತಡೆದು ನಿಲ್ಲಿಸುವ ಪ್ರಯತ್ನ ಮಾಡುವರು. ಹೋದ ಮೊತ್ತ, ಹೊತ್ತು, ನಿಮ್ಮ ಬ್ಯಾಂಕಿನ ಹೆಸರು, ಆ ವ್ಯವಹಾರಕ್ಕೆ ಫೋನಿನಲ್ಲಿ ಕಾಣುವ 12 ಅಂಕಿಗಳ ಸಂಖ್ಯೆ, ಇವನ್ನು ಹತ್ತಿರ ಇಟ್ಟುಕೊಳ್ಳಿರಿ. ಅಲ್ಲಿಯ ಮಾತು ತಿಳಿಯದಿದ್ದರೆ ನನ್ನ ಮನೆಗೆ ಬನ್ನಿರಿ. ರಾತ್ರಿಯಾದರೂ ಬಾಗಿಲು ಬಡಿಯಿರಿ. ನಾನು ಮಾತನಾಡಿ ಕೊಡುತ್ತೇನೆ. ಅದರ ಹಿಂದೆಯೇ ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕಿನ ಸಂಖ್ಯೆಗೂ ತಿಳಿಸಿರಿ. ಜಾಲದಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಹಚ್ಚಬೇಡಿರಿ. ಅಲ್ಲಿಯೂ ಕಳ್ಳರು ತಮ್ಮ ಸಂಖ್ಯೆಯನ್ನು ಇಟ್ಟಿರುವರು.

ರಿಜರ್ವ್ ಬ್ಯಾಂಕು 2017ರ ಜುಲೈ 6ರಂದು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕನ ಅಜಾಗ್ರತೆಯಿಂದ, ಗುಪ್ತ ಸಂಖ್ಯೆ ಬಿಟ್ಟುಕೊಟ್ಟು ಆದ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂಬುದು ಅದರ ಒಂದು ಮುಖ್ಯ ಅಂಶ. ತಿಳಿಸುವುದರಲ್ಲಿ ಎಷ್ಟು ಬಲವಿದೆಯೆಂಬುದು ಇದರಿಂದ ಗೊತ್ತಾಗುವುದು. ದೂರು ಕೊಟ್ಟು 30 ದಿವಸಗಳಾದರೂ ಬ್ಯಾಂಕು ಸಮಾಧಾನಕರ ಉತ್ತರ ಕೊಡದಿದ್ದರೆ, ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಎಂಬ ಅಧಿಕಾರಿಗೆ ಅಹವಾಲು ಕೊಡಬಹುದು; ಅದರ ವಿಚಾರಣೆಯ ಸಂಖ್ಯೆ 14448.

ಪೊಲೀಸ್ ಠಾಣೆಗೂ ದೂರು ಕೊಡಿರಿ. ನಮ್ಮಂಥ ಗಡಿಯ ಜನಕ್ಕೆ ಇಲ್ಲಿ ಒಂದು ಮುಖ್ಯ ವಿಷಯವಿದೆ. ನಾವು ಇರುವುದು ಸೋಲಾಪುರ ಜಿಲ್ಲೆಯಲ್ಲಿ. ಸಂತೆಪೇಟೆಗೆ ಹೋಗುವುದು ಆಳಂದಕ್ಕೆ, ಇಂಡಿಗೆ. ಕಳ್ಳನು ಕುಳಿತಿರುವುದು ಇನ್ನಾವುದೋ ರಾಜ್ಯದಲ್ಲಿ. ‘ಇದು ನಮ್ಮ ಹದ್ದಿನದಲ್ಲ, ಆ ಕಡೆಗೆ ಹೋಗಿರಿ’ ಎಂಬ ಮಾತನ್ನು ನಾವು ಎಲ್ಲ ಕೆಲಸಗಳಲ್ಲಿಯೂ ಕೇಳಿ ದಣಿದಿದ್ದೇವೆ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಇಂಥ ಅಪರಾಧ ಎಲ್ಲಿಯೇ ನಡೆದಿರಲಿ, ಅದರ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ಹೇಳುತ್ತದೆ. ಈ ಕಲಮನ್ನು ನೆನಪಿನಲ್ಲಿಟ್ಟುಕೊಂಡು ನಮ್ರತೆಯಿಂದ, ಆದರೆ ಹಿಂಜರಿಯದೆ ಕೇಳಿರಿ. ಇನ್ನೊಂದು ಎಚ್ಚರ: ‘ನಿಮ್ಮ ಹೋದ ರೊಕ್ಕ ತರಿಸಿಕೊಡುತ್ತೇನೆ, ಮೊದಲು ಖರ್ಚಿಗೆ ಇಷ್ಟು ಕೊಡಿರಿ’ ಎಂದು ಯಾವನಾದರೂ ಬಂದರೆ ಅವನೂ ಕಳ್ಳನೇ.

ಬಂಧುಗಳೆ, ಈ ಹೊಸ ಪದ್ಧತಿಯನ್ನು ಬಿಟ್ಟುಬಿಡಿರೆಂದು ನಾನು ಹೇಳುತ್ತಿಲ್ಲ. ಮೂರು ಮೈಲು ನಡೆದು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದ ನಮ್ಮ ಮುದುಕರಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ. ನಾನೂ ಇಂದಿಗೂ ಇದನ್ನೇ ಬಳಸುತ್ತೇನೆ. ಬಾವಿಯಲ್ಲಿ ಒಬ್ಬನು ಬಿದ್ದನೆಂದು ಬಾವಿಯನ್ನು ಮುಚ್ಚುವುದಿಲ್ಲ, ಕಟ್ಟೆ ಕಟ್ಟುತ್ತೇವೆ. ಆ ಕಟ್ಟೆಗೆ ನಾಲ್ಕು ಕಲ್ಲುಗಳು ಸಾಕು. ಬರುವ ರೊಕ್ಕಕ್ಕೆ ಚೌಕವೂ ಬೇಡ, ಪಿನ್ನೂ ಬೇಡ. ಕೊಡುವ ಮೊದಲು ಹೆಸರನ್ನು ಓದಿ ಕೇಳಬೇಕು. ಗಿರಾಕಿಯ ಫೋನನ್ನಲ್ಲ, ನಮ್ಮ ಖಾತೆಯನ್ನು ನಂಬಬೇಕು. ಮೋಸವಾದರೆ ಆ ಕ್ಷಣವೇ 1930ಕ್ಕೆ ಹೇಳಬೇಕು. ಈ ನಾಲ್ಕು ಮಾತುಗಳನ್ನು ನಮ್ಮ ಮಕ್ಕಳು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಾರೆ. ಸಭೆ ಮುಗಿದ ಮೇಲೆ ಪ್ರತಿಯೊಂದು ಅಂಗಡಿಯವರೂ ಒಂದೊಂದು ಹಾಳೆಯನ್ನು ಒಯ್ದು ಚೌಕದ ಪಕ್ಕದಲ್ಲಿ ಹಚ್ಚಬೇಕೆಂದು ಪ್ರಾರ್ಥಿಸುತ್ತೇನೆ.

ನನ್ನ 18 ಸಾವಿರ ಮರಳಿ ಬರಲಿಲ್ಲ. ಆ ಮೋಟಾರ್ ಸೈಕಲ್ಲು ಇನ್ನೂ ನನ್ನ ಅಂಗಳದಲ್ಲಿಯೇ ನಿಂತಿದೆ; ನೋಡಿದಾಗಲೊಮ್ಮೆ ಪಾಠ ನೆನಪಾಗುತ್ತದೆ. ಈ ಊರಲ್ಲಿ ನನ್ನಂತೆ ಕಳೆದುಕೊಂಡು ಸುಮ್ಮನಿರುವವರು ಯಾರಾದರೂ ಇದ್ದರೆ, ಇಂದು ಇಲ್ಲವೆ ನಾಳೆ ಬಂದು ನನಗೆ ಹೇಳಿರಿ. ನಾನು ನಗುವುದಿಲ್ಲ, ನಗುವ ಹಕ್ಕು ನನಗಿಲ್ಲ. ಮಾಸ್ತರರು ಮೋಸಹೋದರೆಂದು ಇಂದು ಈ ಊರು ನಕ್ಕರೂ ಚಿಂತೆಯಿಲ್ಲ. ಆ ನಗೆಯನ್ನು ನೆನೆದು ಒಬ್ಬ ತಾಯಿ, ಒಬ್ಬ ಮುದುಕ, ಪಿನ್ ಒತ್ತುವ ಬೆರಳನ್ನು ಹಿಂದಕ್ಕೆ ತೆಗೆದರೆ ನನ್ನ ರೊಕ್ಕ ಮರಳಿ ಬಂದಿತೆಂದೇ ತಿಳಿಯುತ್ತೇನೆ.